20 ಇಂಚಿನಿಂದ 22ಕ್ಕೆ: ರೇಂಜ್ ರೋವರ್ ಸ್ಪೋರ್ಟ್‌ಗೆ ಯಾವ ಟೈರ್?

ಪ್ರಶ್ನೆ: ನನ್ನ ಬಳಿ 2018ರ ರೇಂಜ್ ರೋವರ್ ಸ್ಪೋರ್ಟ್ ಇದೆ. ಡೀಸೆಲ್, ಏರ್ ಸಸ್ಪೆನ್ಷನ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಈಗ 255/55 ಆರ್20 ಟೈರ್‌ಗಳಿವೆ. ರಿಮ್‌ನ ಹಿಂಭಾಗದಲ್ಲಿ 8.5ಜೆ, ಇಟಿ 47 ಎಂದು ಅಚ್ಚಾಗಿದೆ. 22 ಇಂಚಿನ ಅಲಾಯ್ ಹಾಕಿಸುವ ಆಸೆ. ಅಂಗಡಿಯವರು 10.5ಜೆ, ಇಟಿ 30ರ ರಿಮ್ ತೋರಿಸಿದ್ದಾರೆ. ಟೈರ್ 285/35, 285/45, 305/40 ಮೂರರಲ್ಲಿ ಯಾವುದಾದರೂ ಆಗುತ್ತದೆ ಅಂತಾರೆ. ತಮ್ಮ 24 ಇಂಚೇ ಹಾಕಿಸು ಅಂತ ಹಟ ಹಿಡಿದಿದ್ದಾನೆ. ವಾರವಿಡೀ ಬೆಂಗಳೂರಿನಲ್ಲಿ ಓಡಾಟ. ಆಗಾಗ ಸಕಲೇಶಪುರದ ಹತ್ತಿರದ ತೋಟಕ್ಕೆ ಹೋಗುತ್ತೇವೆ, ಮನೆಯವರೆಲ್ಲ ಸೇರಿ, ಡಿಕ್ಕಿ ತುಂಬಾ ಸಾಮಾನು. ಯಾವ ಸೈಜ್ ಸರಿ?

ಉತ್ತರ: ಅಂಗಡಿಯವರು ಹೇಳಿದ ಮೂರೂ ಬೇಡ. ಆ ರಿಮ್ಮೂ ಬೇಡ. ನಿಮ್ಮ ಗಾಡಿಗೆ 22 ಇಂಚಿನಲ್ಲಿ ಸರಿಯಾದ ಟೈರ್ 275/40 ಆರ್22, ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಹೊರೆ ಹೊರುತ್ತದೆ ಅನ್ನುವ ಸಂಖ್ಯೆ) 108, ಎಕ್ಸ್‌ಎಲ್ (ಹೆಚ್ಚು ಹೊರೆಗೆ ಗಟ್ಟಿ ಮಾಡಿದ್ದು). ಅದಕ್ಕೆ 9.5ಜೆ, ಅಂದರೆ 9.5 ಇಂಚು ಅಗಲದ, ಇಟಿ 45ರಿಂದ 49ರ ಒಳಗಿನ ರಿಮ್ ಹುಡುಕಿ (ಇಟಿ ಅಂದರೇನು ಅಂತ ಮುಂದೆ ಹೇಳುತ್ತೇನೆ). ಇದು ನನ್ನ ಸ್ವಂತ ಲೆಕ್ಕಾಚಾರವೇನಲ್ಲ. ನಿಮ್ಮ ತಲೆಮಾರಿನ ಸ್ಪೋರ್ಟ್‌ಗೆ ಕಂಪನಿಯೇ 22 ಇಂಚಿನ ಚಕ್ರ ಕೊಡುತ್ತಿತ್ತು, ಅದರ ಟೈರ್ ಇದೇ 275/40. ಕಂಪನಿ ಆಗಲೇ ಓಡಿಸಿ ನೋಡಿದ ಸೈಜ್ ಇರುವಾಗ ಹೊಸದೊಂದನ್ನು ಕಂಡುಹಿಡಿಯಲು ಹೋಗುವುದು ಯಾಕೆ?

ಹೆಚ್ಚಿನವರು ಮೊದಲು ರಿಮ್ ನೋಡುತ್ತಾರೆ. ಡಿಸೈನ್ ಇಷ್ಟವಾಗಿ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಆಮೇಲೆ ಅದಕ್ಕೆ ಹೊಂದುವ ಟೈರ್ ಹುಡುಕಲು ಶುರು ಮಾಡುತ್ತಾರೆ. ಅಂಗಿ ಹೊಲಿಸಿದ ಮೇಲೆ ಮೈ ಅಳತೆ ಕೊಟ್ಟ ಹಾಗೆ. ಮೊದಲು ಟೈರ್ ಗೊತ್ತುಮಾಡಿ, ಅದು ನಮ್ಮಲ್ಲಿ ಸಿಗುತ್ತದೆಯೇ ನೋಡಿ, ಆಮೇಲೆ ಅದಕ್ಕೆ ತಕ್ಕ ರಿಮ್ ಆರಿಸಿ.

ಈಗ ಲೆಕ್ಕಕ್ಕೆ ಬರೋಣ. ಟೈರ್ ಮೇಲಿನ ಮೊದಲ ಸಂಖ್ಯೆ ಅಗಲ, ಮಿ.ಮೀ. ಲೆಕ್ಕದಲ್ಲಿ. ಎರಡನೆಯದು ಸೈಡ್‌ವಾಲ್‌ನ, ಅಂದರೆ ಟೈರ್‌ನ ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾವಾರು. ಕೊನೆಯದು ರಿಮ್‌ನ ವ್ಯಾಸ, ಇಂಚಿನಲ್ಲಿ. ನಿಮ್ಮ 255/55 ಆರ್20ರಲ್ಲಿ ಸೈಡ್‌ವಾಲ್ 140 ಮಿ.ಮೀ. ಮೇಲೊಂದು ಕೆಳಗೊಂದು ಸೇರಿಸಿದರೆ 280.5. ರಿಮ್ 20 ಇಂಚು ಅಂದರೆ 508 ಮಿ.ಮೀ. ಒಟ್ಟು ವ್ಯಾಸ 788.5 ಮಿ.ಮೀ. ಹೊಸ ಟೈರ್ ಈ ಅಳತೆಯ ಆಸುಪಾಸಿನಲ್ಲೇ ಇರಬೇಕು. ಸ್ಪೀಡೋಮೀಟರ್, ಗೇರ್ ಬದಲಾಗುವ ವೇಗ, ಚಕ್ರದ ಗೂಡಿನೊಳಗಿನ ಜಾಗ ಎಲ್ಲವೂ ಈ ವ್ಯಾಸಕ್ಕೆ ಹೊಂದಿಸಿದ್ದು.

275/40 ಆರ್22 ತೆಗೆದುಕೊಂಡರೆ ವ್ಯಾಸ 778.8. ಹಳೆಯದಕ್ಕಿಂತ ಶೇ 1.2ರಷ್ಟು ಕಡಿಮೆ. ಅದೇ ಗಾಡಿಗೆ ಕಂಪನಿ ಕೊಡುತ್ತಿದ್ದ 21 ಇಂಚಿನ ಟೈರ್ 275/45, ಅದರ ವ್ಯಾಸ 780.9. ಮೂರೂ ಹತ್ತಿರ ಹತ್ತಿರ ಇವೆ, ಅಲ್ವಾ?

ಅಂಗಡಿಯ ಮೂರನ್ನೂ ಹೀಗೇ ಅಳೆಯೋಣ.

285/35 ಆರ್22 ವ್ಯಾಸ 758.3. ಶೇ 3.8 ಕಡಿಮೆ. ಗಾಡಿ 15 ಮಿ.ಮೀ. ಕೆಳಗೆ ಕೂರುತ್ತದೆ. ಸೈಡ್‌ವಾಲ್ 100 ಮಿ.ಮೀ.ಗೂ ಸ್ವಲ್ಪ ಕಡಿಮೆ. ಇಷ್ಟು ದೊಡ್ಡ ಗಾಡಿಯ ಗೂಡಿನಲ್ಲಿ ಆ ಟೈರ್ ಸಣ್ಣದಾಗಿ ಕಾಣುತ್ತದೆ, ಸುತ್ತಲೂ ಖಾಲಿ ಜಾಗ. ಅಂದಕ್ಕೆ ಅಂತ ಹೋದವರಿಗೆ ಅಂದವೂ ದಕ್ಕುವುದಿಲ್ಲ. ಮತ್ತೆ ಅಂಗಡಿಯವರು ಇದನ್ನು ಯಾಕೆ ಹೇಳಿದರು? ಪೋರ್ಶೆ ಕೇಯೆನ್‌ನ 22 ಇಂಚಿನ ಚಕ್ರದಲ್ಲಿ ಮುಂದಿನ ಟೈರ್ ಇದೇ ಸೈಜ್. ಆಡಿ ಕ್ಯೂ7ಗೂ ಬರುತ್ತದೆ. ಹಾಗಾಗಿ ಸ್ಟಾಕ್ ಇರುತ್ತದೆ. ಅವರ ಸ್ಟಾಕ್ ನಿಮ್ಮ ಅಳತೆ ಆಗಬಾರದು.

285/45 ಆರ್22 ವ್ಯಾಸ 815.3. ಶೇ 3.4 ಜಾಸ್ತಿ. ಇದರಲ್ಲಿ ಮೋಸ ಹೋಗುವವರು ಹೆಚ್ಚು, ಯಾಕೆಂದರೆ ಇದು ರೇಂಜ್ ರೋವರ್‌ನದೇ ಸೈಜ್, ಆದರೆ ಹೊಸ ತಲೆಮಾರಿನದು. ಈಗಿನ ರೇಂಜ್ ರೋವರ್ ಮತ್ತು ಸ್ಪೋರ್ಟ್‌ಗೆ 22 ಇಂಚಿನಲ್ಲಿ ಬರುವುದು 285/45. ಹೊಸ ಗಾಡಿಯವರು ಬಿಚ್ಚಿ ಮಾರಿದ ಚಕ್ರಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಬೋಲ್ಟ್ ಅಂತರ ಒಂದೇ, 5x120, ಅಂದರೆ 120 ಮಿ.ಮೀ. ವ್ಯಾಸದ ವೃತ್ತದ ಮೇಲೆ ಐದು ಬೋಲ್ಟ್. ನಿಮ್ಮ ಗಾಡಿಯ ಹಬ್‌ಗೆ (ರಿಮ್ ಬಿಗಿಯುವ ನಡುಭಾಗಕ್ಕೆ) ಸಲೀಸಾಗಿ ಕೂರುತ್ತವೆ. ಕೂತ ಮಾತ್ರಕ್ಕೆ ಹೊಂದಿತು ಅಂತಲ್ಲ. ಟೈರ್‌ನ ತ್ರಿಜ್ಯ 13 ಮಿ.ಮೀ. ಹೆಚ್ಚಾಗುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಗೂಡಿನ ಪ್ಲಾಸ್ಟಿಕ್ ಲೈನರ್‌ಗೆ ಉಜ್ಜುವ ಸಾಧ್ಯತೆ ಅಷ್ಟಕ್ಕೇ ಹೆಚ್ಚು. ಅಂಥ ಚಕ್ರ ಅಗ್ಗಕ್ಕೆ ಸಿಕ್ಕಿದರೆ ರಿಮ್ ಮಾತ್ರ ಇಟ್ಟುಕೊಳ್ಳಿ, ಅದೂ ಅಗಲ ಮತ್ತು ಆಫ್‌ಸೆಟ್ ಹೊಂದಿದರೆ. ಟೈರ್ ಬೇರೆ ಹಾಕಿಸಿ.

305/40 ಆರ್22 ವ್ಯಾಸ 802.8. ಶೇ 1.8 ಮಾತ್ರ ಜಾಸ್ತಿ. ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ 'ಶೇ 3ರ ಒಳಗಿದ್ದರೆ ಓಕೆ' ನಿಯಮದಲ್ಲಿ ಇದು ಪಾಸ್. ಆ ನಿಯಮ ಹೇಳುವುದು ವ್ಯಾಸದ ಬಗ್ಗೆ ಮಾತ್ರ. ಅಗಲದ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ. ನಿಮ್ಮ ಟೈರ್‌ಗಿಂತ ಇದು 50 ಮಿ.ಮೀ. ಅಗಲ. ಅದನ್ನು ಇಟಿ 30ರ ರಿಮ್ ಮೇಲೆ ಕೂರಿಸಿದರೆ ಏನಾಗುತ್ತದೆ ನೋಡಿ.

ಇಟಿ ಅಂದರೆ ಆಫ್‌ಸೆಟ್. ರಿಮ್‌ನ ಅಗಲದ ನಡುಗೆರೆಯಿಂದ, ಹಬ್‌ಗೆ ತಾಗುವ ಮುಖ ಎಷ್ಟು ದೂರದಲ್ಲಿದೆ ಅನ್ನುವ ಅಳತೆ. ಇಟಿ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. ನಿಮ್ಮ ರಿಮ್ 8.5 ಇಂಚು, ಅವರದು 10.5. ಎರಡು ಇಂಚು ಹೆಚ್ಚು ಅಂದರೆ ಒಂದೊಂದು ಬದಿಗೆ 25.4 ಮಿ.ಮೀ. ಇಟಿ 47ರಿಂದ 30ಕ್ಕೆ ಇಳಿದರೆ ಇಡೀ ಚಕ್ರ 17 ಮಿ.ಮೀ. ಹೊರಗೆ ಸರಿಯುತ್ತದೆ. ಹೊರಬದಿಯಲ್ಲಿ ಎರಡೂ ಕೂಡಿ 42 ಮಿ.ಮೀ. ಒಳಬದಿಯಲ್ಲಿ 25ರಲ್ಲಿ 17 ಕಳೆದು 8 ಮಿ.ಮೀ. ಸಸ್ಪೆನ್ಷನ್ ಕಡೆಗೆ ಹೋಗುತ್ತದೆ. ನಾಲ್ಕು ಸೆಂಟಿಮೀಟರ್ ಹೊರಗೆ ಬಂದ ಚಕ್ರ ಫೆಂಡರ್ ದಾಟುತ್ತದೆ. ಮಳೆಗಾಲದಲ್ಲಿ ತೋಟದ ರಸ್ತೆಯ ಕೆಸರೆಲ್ಲ ಬಾಗಿಲಿಗೆ, ಕನ್ನಡಿಗೆ. ಹಿಂದೆ ಬರುವ ಬೈಕ್‌ನವನ ಮುಖಕ್ಕೂ ಕಲ್ಲು. ವೀಲ್ ಬೇರಿಂಗ್ ಮೇಲೆ ಬೀಳುವ ಹೊರೆಯೂ ಹೆಚ್ಚುತ್ತದೆ. ಗುಂಡಿಗೆ ಬಿದ್ದಾಗ ಸ್ಟೀರಿಂಗ್ ಕೈಯಲ್ಲಿ ಎಳೆದಾಡುತ್ತದೆ.

ಅದೇ 9.5ಜೆ, ಇಟಿ 47 ತೆಗೆದುಕೊಂಡರೆ ಎರಡೂ ಬದಿಗೆ 12.7 ಮಿ.ಮೀ. ಅಷ್ಟೇ. ಫೆಂಡರ್ ಒಳಗೇ ಚೆನ್ನಾಗಿ ತುಂಬಿಕೊಂಡು ಕಾಣುತ್ತದೆ. 275/40 ಟೈರ್ 9ರಿಂದ 11 ಇಂಚಿನ ರಿಮ್‌ವರೆಗೆ ಕೂರಬಹುದು. 9.5 ಅದರ ಸಹಜ ಅಳತೆ. ಅಗಲದ ರಿಮ್ ಮೇಲೆ ಎಳೆದು ಕೂರಿಸಿದರೆ ಸೈಡ್‌ವಾಲ್ ಓರೆಯಾಗಿ ನಿಲ್ಲುತ್ತದೆ, ರಿಮ್‌ನ ಅಂಚು ಬಯಲಾಗುತ್ತದೆ. ಫುಟ್‌ಪಾತ್ ಕಲ್ಲಿಗೆ ಮೊದಲು ತಾಗುವುದು ಟೈರ್ ಅಲ್ಲ, ನೀವು ದುಡ್ಡು ಸುರಿದ ಅಲಾಯ್.

ಇನ್ನು ಲೋಡ್. ಈ ಮಾತನ್ನು ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ, ನನಗೆ ಮಾತ್ರ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ನಿಮ್ಮ ಗಾಡಿ ಖಾಲಿ ಇದ್ದಾಗಲೇ ಎರಡು ಟನ್ ದಾಟುತ್ತದೆ. ಜನ, ಸಾಮಾನು ಎಲ್ಲ ಸೇರಿದರೆ ಮೂರು ಟನ್ ಆಸುಪಾಸು. ಟೈರ್ ಪಕ್ಕದಲ್ಲಿ ಸೈಜ್ ಆದ ಮೇಲೆ ಒಂದು ಸಂಖ್ಯೆ, ಒಂದು ಅಕ್ಷರ ಇರುತ್ತದೆ. 110 ಅಂದರೆ ಒಂದು ಟೈರ್ 1,060 ಕೆ.ಜಿ. ಹೊರುತ್ತದೆ. 108 ಅಂದರೆ 1,000. 106 ಅಂದರೆ 950. 104 ಅಂದರೆ 900. ಅಕ್ಷರ ವೇಗದ್ದು: ವಿ ಅಂದರೆ ಗಂಟೆಗೆ 240 ಕಿ.ಮೀ., ಡಬ್ಲ್ಯು 270, ವೈ 300. ನಮ್ಮ ರಸ್ತೆಯಲ್ಲಿ ಆ ವೇಗ ಯಾರಿಗೂ ಬೇಡ. ಆದರೂ ಗಾಡಿಯ ಪುಸ್ತಕ ಹೇಳಿದ್ದಕ್ಕಿಂತ ಕೆಳಗೆ ಇಳಿಯಬೇಡಿ.

ಬಾಗಿಲು ತೆರೆದರೆ ಕಂಬದ ಮೇಲೆ ಕಾಣುವ ಪ್ಲೇಟ್‌ನಲ್ಲಿ ಹಿಂದಿನ ಆಕ್ಸಲ್‌ನ ಗರಿಷ್ಠ ಹೊರೆ ಬರೆದಿರುತ್ತದೆ. ಅದನ್ನು ಅರ್ಧ ಮಾಡಿ. ಉದಾಹರಣೆಗೆ 1,750 ಇದ್ದರೆ ಒಂದು ಚಕ್ರಕ್ಕೆ 875 ಕೆ.ಜಿ. ಟೈರ್ ಅದಕ್ಕಿಂತ ಸಾಕಷ್ಟು ಮೇಲಿರಬೇಕು. ರಿಮ್ ಕೂಡ! ರಿಮ್‌ಗೂ ಹೊರೆಯ ಮಿತಿ ಇದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಒಳ್ಳೆಯ ರಿಮ್‌ನ ಹಿಂದೆ ಆ ಸಂಖ್ಯೆ ಅಚ್ಚಾಗಿರುತ್ತದೆ, ಜೊತೆಗೆ ಜೆಡಬ್ಲ್ಯುಎಲ್, ವಿಐಎ ಅಥವಾ ಟಿಯುವಿ ಎಂಬ, ಪರೀಕ್ಷೆ ಪಾಸಾದ ಗುರುತು.

ಇಲ್ಲಿ ನಿಮ್ಮ ಗಾಡಿಗೇ ಅಂಟಿದ ಒಂದು ಅಪಾಯ ಇದೆ. 5x120 ಬೋಲ್ಟ್ ಅಂತರ, ನಡುವಿನ ತೂತು 72.6 ಮಿ.ಮೀ. ಇವೆರಡೂ ಹಳೆಯ ಬಿಎಂಡಬ್ಲ್ಯು ಸೆಡಾನ್‌ಗಳದ್ದೂ ಹೌದು. ಆ ಕಾರುಗಳಿಗೆ ಮಾಡಿದ ಆಫ್ಟರ್‌ಮಾರ್ಕೆಟ್ ರಿಮ್‌ಗಳು ರಾಶಿ ರಾಶಿ ಇವೆ. ಅವು ನಿಮ್ಮ ಹಬ್‌ಗೆ ತಟ್ಟನೆ ಕೂರುತ್ತವೆ. ಆದರೆ ಸೆಡಾನ್‌ಗೆ ಮಾಡಿದ ರಿಮ್ 690 ಕೆ.ಜಿ.ಗೆ ಲೆಕ್ಕ ಹಾಕಿದ್ದಾಗಿರಬಹುದು. ಅದರ ಮೇಲೆ 875 ಕೆ.ಜಿ. ಹೇರಿ, ಹಂಪ್ ಹಾರಿಸಿ, ಗುಂಡಿಗೆ ಇಳಿಸಿದರೆ ಮೊದಲು ಬಾಗುತ್ತದೆ, ಆಮೇಲೆ ಸೀಳು ಬಿಡುತ್ತದೆ. ಹಳೆಯ ಎಕ್ಸ್5ನ ರಿಮ್ ಹೊರೆಯನ್ನೇನೋ ತಡೆಯುತ್ತದೆ, ಆದರೆ ಅದರ ತೂತು 74.1. ಅದಕ್ಕೆ 74.1ರಿಂದ 72.6ಕ್ಕೆ ಇಳಿಸುವ ಹಬ್ ರಿಂಗ್ ಬೇಕು. ಇಲ್ಲದಿದ್ದರೆ ಹೈವೇ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ, ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ. ನಟ್‌ನ ಕೂರುವ ಭಾಗವೂ ರಿಮ್‌ಗೆ ಹೊಂದಬೇಕು. ಕೋನಾಕಾರದ ಸೀಟ್‌ಗೆ ಗುಂಡು ತಲೆಯ ನಟ್ ಹಾಕಿದರೆ ಬಿಗಿಯಾದಂತೆ ಕಾಣುತ್ತದೆ, ಬಿಗಿಯಾಗಿರುವುದಿಲ್ಲ.

ನಿಮ್ಮ ಈಗಿನ 20 ಇಂಚಿನ ಟೈರ್ ಬಹುಶಃ 110. 22ರಲ್ಲಿ 108ಕ್ಕೆ ಇಳಿಯುತ್ತೀರಿ. ಅಷ್ಟು ಇಳಿದರೆ ತೊಂದರೆ ಇಲ್ಲ, ಗಾಳಿ ಮಾತ್ರ ಸ್ವಲ್ಪ ಜಾಸ್ತಿ ಬೇಕು. ಅದೇ ಹೊರೆಯನ್ನು ಹೊರಲು ಸುಮಾರು 2ರಿಂದ 3 ಪಿಎಸ್‌ಐ ಹೆಚ್ಚು ಅಂದುಕೊಳ್ಳಿ. ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿ ಅಥವಾ ಗಾಡಿಯ ಪುಸ್ತಕದಲ್ಲಿ 275/40 ಆರ್22ಕ್ಕೆ ಬೇರೆ ಒತ್ತಡ ಬರೆದಿದ್ದರೆ ಅದೇ ಕೊನೆಯ ಮಾತು. ತೋಟಕ್ಕೆ ಎಲ್ಲರೂ ಹೊರಟಾಗ ಫುಲ್ ಲೋಡ್‌ನ ಅಂಕಿ ನೋಡಿ. ಪಂಕ್ಚರ್ ಅಂಗಡಿಯಲ್ಲಿ ಎಲ್ಲ ಕಾರಿಗೂ 32 ಹಾಕುವ ಅಭ್ಯಾಸ ಇದೆ. ಅದನ್ನು ಒಪ್ಪಬೇಡಿ. ಸೈಡ್‌ವಾಲ್ ಚಿಕ್ಕದಾದಷ್ಟೂ ಗಾಳಿ ಕಡಿಮೆಯಿದ್ದರೆ ಗುಂಡಿಯಲ್ಲಿ ರಿಮ್ ನೇರವಾಗಿ ರಸ್ತೆಗೆ ಬಡಿಯುತ್ತದೆ. ಸೈಡ್‌ವಾಲ್‌ನ ಒಳಗಿನ ದಾರ ಕಿತ್ತು ಹೊರಗೆ ಉಬ್ಬು ಬರುವುದು ಹೆಚ್ಚಾಗಿ ಹೀಗೇ. ಉಬ್ಬು ಬಂದ ಟೈರ್‌ಗೆ ರಿಪೇರಿ ಇಲ್ಲ, ಎಸೆಯಲೇಬೇಕು.

ಇಷ್ಟೆಲ್ಲ ಹೇಳಿದ ಮೇಲೆ ತಮ್ಮನ 24 ಇಂಚು. 788 ಮಿ.ಮೀ. ವ್ಯಾಸ ಉಳಿಸಿಕೊಳ್ಳಬೇಕಾದರೆ 24ರಲ್ಲಿ ಸೈಡ್‌ವಾಲ್ 90 ಮಿ.ಮೀ. ಕೂಡ ಇರಬಾರದು. ಈಗಿರುವುದು 140. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಕಾಣುವ 24 ಇಂಚಿನ ಟೈರ್‌ಗಳು 295/35 ಮತ್ತು 305/35. ಅವುಗಳ ವ್ಯಾಸ 816 ಮತ್ತು 823. ಅವು ಅಮೆರಿಕದ ಭಾರಿ ಎಸ್‌ಯುವಿಗಳಿಗೆ, ಕ್ಯಾಡಿಲಾಕ್ ಎಸ್ಕಲೇಡ್‌ನಂಥವಕ್ಕೆ ಒಪ್ಪುವ ಅಳತೆ. ಅವುಗಳ ಚಕ್ರದ ಗೂಡೇ ಬೇರೆ. ನಿಮ್ಮ ಸ್ಪೋರ್ಟ್‌ಗೆ ಒಂದೋ ಉಜ್ಜುವ ಟೈರ್, ಇಲ್ಲವೇ ರಬ್ಬರ್ ಪಟ್ಟಿ ಸುತ್ತಿದಂಥ ಟೈರ್. ನಡುವಿನ ದಾರಿ ಇಲ್ಲ. ಸಕಲೇಶಪುರದ ತೋಟದ ಕಚ್ಚಾ ರಸ್ತೆಯಲ್ಲಿ 24 ಇಂಚು ಬೇಡ ಅಂತ ತಮ್ಮನಿಗೆ ಹೇಳಿ. ಕೇಳದಿದ್ದರೆ ರಿಮ್ ಅವನ ದುಡ್ಡಿನಲ್ಲೇ ತರಲಿ.

ನಿಜ ಹೇಳಬೇಕೆಂದರೆ ನನ್ನನ್ನು ಕೇಳಿದರೆ 21 ಇಂಚಿಗೆ ನಿಲ್ಲಿಸಿ ಅನ್ನುತ್ತೇನೆ. 275/45 ಆರ್21ರಲ್ಲಿ ಲೋಡ್ ಇಂಡೆಕ್ಸ್ 110 ಸಿಗುತ್ತದೆ. ಸೈಡ್‌ವಾಲ್ 124 ಮಿ.ಮೀ. ನೋಟ 22ಕ್ಕಿಂತ ಬಹಳ ಹಿಂದೇನೂ ಬೀಳುವುದಿಲ್ಲ. ಆದರೆ ನೀವು ಕೇಳಿದ್ದು 22, ಅದು ತಪ್ಪೂ ಅಲ್ಲ. ಸೈಡ್‌ವಾಲ್‌ನ 30 ಮಿ.ಮೀ. ಬಿಟ್ಟುಕೊಡುತ್ತಿದ್ದೀರಿ ಅನ್ನುವುದು ಗೊತ್ತಿರಲಿ.

ಟೈರ್ ಸಿಗುವ ವಿಚಾರ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ತರಿಸಲು ಲೈಸೆನ್ಸ್ ಬೇಕು. ಇಲ್ಲಿ ಮಾರುವ ಕಾರ್ ಟೈರ್ ಮೇಲೆ ಐಎಸ್‌ಐ ಗುರುತೂ ಇರಬೇಕು. 22 ಇಂಚಿನ ಟೈರ್‌ಗಳು ಹೆಚ್ಚಾಗಿ ಹೊರಗಿನಿಂದಲೇ ಬರುವಂಥವು. ಹಾಗಾಗಿ ವಿಚಿತ್ರ ಸೈಜ್ ಹಾಕಿಸಿಕೊಂಡವರ ಪಾಡು ಒಂದು ಟೈರ್ ಹೋದಾಗ ಗೊತ್ತಾಗುತ್ತದೆ. ಗಾಡಿ ವಾರಗಟ್ಟಲೆ ನಿಂತಿರುತ್ತದೆ. 275/40 ಆರ್22 ಕಂಪನಿ ಫಿಟ್ ಸೈಜ್ ಆದ್ದರಿಂದ ಸಿಗುವ ಸಾಧ್ಯತೆ ಜಾಸ್ತಿ. ಹಾಗಿದ್ದರೂ ರಿಮ್‌ಗೆ ಅಡ್ವಾನ್ಸ್ ಕೊಡುವ ಮೊದಲು ಜೆ.ಸಿ. ರಸ್ತೆಯ ಒಂದೆರಡು ಅಂಗಡಿಗೆ, ದೊಡ್ಡ ಟೈರ್ ಡೀಲರ್‌ಗಳಿಗೆ ಫೋನ್ ಮಾಡಿ. 'ಇದೆಯಾ' ಅಂತ ಮಾತ್ರ ಕೇಳಬೇಡಿ. 'ಆರು ತಿಂಗಳ ಮೇಲೆ ಇದೇ ಕಂಪನಿಯ ಇದೇ ಪ್ಯಾಟರ್ನ್‌ನ ಒಂದೇ ಒಂದು ಟೈರ್ ಬೇಕಾದರೆ ಎಷ್ಟು ದಿನ' ಅಂತ ಕೇಳಿ. ಇದು ಫೋರ್ ವೀಲ್ ಡ್ರೈವ್ ಗಾಡಿ. ನಾಲ್ಕೂ ಟೈರ್‌ಗಳ ಸುತ್ತಳತೆ ಒಂದೇ ಇರಬೇಕು, ಸವೆತವೂ ಹತ್ತಿರದಲ್ಲಿರಬೇಕು. ಬೇರೆ ಪ್ಯಾಟರ್ನ್‌ನ ಒಂದು ಹೊಸ ಟೈರ್ ಸೇರಿಸಿದರೆ ಚಕ್ರಗಳಿಗೆ ಶಕ್ತಿ ಹಂಚುವ ಒಳಗಿನ ಡಿಫರೆನ್ಷಿಯಲ್ ಸುಮ್ನೆ ದುಡಿಯುತ್ತಲೇ ಇರುತ್ತದೆ.

ಕಡಿಮೆ ಓಡುವ ಸೈಜ್‌ಗಳು ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿರುತ್ತವೆ. ಟೈರ್ ಪಕ್ಕದ ಡಾಟ್ ಗುರುತಿನ ಕೊನೆಯ ನಾಲ್ಕು ಅಂಕಿ ನೋಡಿ. 2219 ಅಂದರೆ 2019ರ 22ನೇ ವಾರ ತಯಾರಾದದ್ದು. ಹೊಸ ರೇಟ್ ಕೊಟ್ಟು ಹಳೆ ಟೈರ್ ತರಬೇಡಿ.

ಕಾನೂನನ್ನೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಫೆಂಡರ್ ದಾಟಿ ಹೊರಗೆ ಬಂದ ಚಕ್ರ ಪೊಲೀಸರ ಕಣ್ಣಿಗೂ ಬೀಳುತ್ತದೆ, ಇನ್ಶೂರೆನ್ಸ್ ಸರ್ವೇಯರ್ ಕಣ್ಣಿಗೂ ಬೀಳುತ್ತದೆ. ಕಂಪನಿಯೇ ಆ ಮಾಡೆಲ್‌ಗೆ ಕೊಡುತ್ತಿದ್ದ ಸೈಜ್ ಹಾಕಿದರೆ ನಿಮ್ಮ ಬಳಿ ಉತ್ತರ ಇರುತ್ತದೆ. ಕಂಪನಿಯದೇ ಹಳೆಯ 22 ಇಂಚಿನ ಸೆಟ್ ನೇರವಾಗಿ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕಿದರೆ ಎಲ್ಲಕ್ಕಿಂತ ನಿರಾಳ. ಆಫ್ಟರ್‌ಮಾರ್ಕೆಟ್ ರಿಮ್ ಹಾಕಿಸಿದರೆ ಇನ್ಶೂರೆನ್ಸ್ ಕಂಪನಿಗೆ ಬರಹದಲ್ಲಿ ತಿಳಿಸಿ.

ಹಾಕಿಸಿದ ದಿನ ಒಂದು ಪರೀಕ್ಷೆ ತಪ್ಪದೇ ಮಾಡಿ. ಏರ್ ಸಸ್ಪೆನ್ಷನ್ ಇರುವುದರಿಂದ ಗಾಡಿ ಹತ್ತಿ ಇಳಿಯುವ ಎತ್ತರಕ್ಕೆ ಇಳಿದಾಗ ಮಾಮೂಲಿಗಿಂತ 50 ಮಿ.ಮೀ. ಕೆಳಗೆ ಕೂರುತ್ತದೆ. ಅಂಗಡಿಯವರು ಜಾಕ್ ಮೇಲೆ ಚಕ್ರ ತಿರುಗಿಸಿ 'ಎಲ್ಲೂ ತಾಗಲ್ಲ ಸಾರ್' ಅಂತಾರೆ. ಜಾಕ್ ಮೇಲೆ ಯಾವ ಟೈರೂ ತಾಗುವುದಿಲ್ಲ. ಗಾಡಿಯನ್ನು ಆ ಕೆಳಗಿನ ಎತ್ತರಕ್ಕೆ ತನ್ನಿ. ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ. ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನಿಧಾನವಾಗಿ ಮುಂದೆ, ಹಿಂದೆ ಓಡಿಸಿ. ಆಮೇಲೆ ಇಳಿದು ಲೈನರ್ ಮೇಲೆ ಉಜ್ಜಿದ ಗುರುತು ಇದೆಯಾ ನೋಡಿ. ಇದ್ದರೆ ಸ್ಪೇಸರ್ (ಹಬ್‌ಗೂ ರಿಮ್‌ಗೂ ನಡುವೆ ಇಡುವ ಬಿಲ್ಲೆ) ಹಾಕಿ ಸರಿಮಾಡುತ್ತೇವೆ ಅಂತಾರೆ. ಒಪ್ಪಬೇಡಿ, ಸೈಜ್ ಬದಲಿಸಿ ಅನ್ನಿ.

ಟೈರ್ ಒತ್ತಡ ತೋರಿಸುವ ಸೆನ್ಸರ್‌ಗಳನ್ನು ಹಳೆ ರಿಮ್‌ನಿಂದ ಹೊಸದಕ್ಕೆ ಸಾಗಿಸಬಹುದು, ಹೊಸ ರಬ್ಬರ್ ಸೀಲ್ ಹಾಕಿಸಿ. ಅಲೈನ್‌ಮೆಂಟ್ ಮಾಡುವವರ ಬಳಿ ಏರ್ ಸಸ್ಪೆನ್ಷನ್ ಅನ್ನು ಸರಿಯಾದ ಎತ್ತರದಲ್ಲಿ ನಿಲ್ಲಿಸುವ ಸ್ಕ್ಯಾನರ್ ಇದೆಯಾ ಕೇಳಿ, ಇಲ್ಲದಿದ್ದರೆ ಅವರು ತೋರಿಸುವ ಅಂಕಿಗೆ ಅರ್ಥವಿಲ್ಲ. ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲೇ ಬಿಗಿಸಬೇಕು. 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿಸಿ.

ಹಳೆಯ 20 ಇಂಚಿನ ಸೆಟ್ ಎಕ್ಸ್‌ಚೇಂಜ್‌ಗೆ ಕೊಡಬೇಡಿ. ಅಂಗಡಿಯವರು ಅದಕ್ಕೆ ಕೊಡುವುದು ಪುಡಿಗಾಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟಕ್ಕೆ ಹೋಗುವಾಗ ಅದೇ ಹಾಕಿಕೊಳ್ಳಿ. ಆ ನಾಲ್ಕಕ್ಕೂ ಬೇರೆ ಸೆನ್ಸರ್ ಸೆಟ್ ತೆಗೆದುಕೊಂಡರೆ ಪ್ರತಿ ಸಲ ಟೈರ್ ಬಿಚ್ಚುವ ಕಷ್ಟ ಇಲ್ಲ, ಚಕ್ರ ಬದಲಿಸಿದರೆ ಸಾಕು. ಒಂದರ ಮೇಲೊಂದು ಮಲಗಿಸಿ, ಬಿಸಿಲು ಬೀಳದ ಕಡೆ, ಜನರೇಟರ್‌ನಿಂದ ದೂರ ಇಡಿ. ಯಾವ ಚಕ್ರ ಯಾವ ಮೂಲೆಯದು ಅಂತ ಚಾಕ್‌ನಲ್ಲಿ ಬರೆದಿಡಿ.